ಮಂಡಳಿಗೆ ಈ ಅಧಿಕಾರ ಎಲ್ಲಿಂದ ಬಂತು? ಟೆಕ್ಸಾಸ್ ನೀರಿನ ಸಾಲಗಳ ಕುರಿತು ಟಿಪ್ಪಣಿ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಊರುಗಳ ನೀರಿನ ಯೋಜನೆಗಳಿಗೆ ಹಣ ಕೊಡುವ ಮಂಡಳಿ ಟೆಕ್ಸಾಸ್ ವಾಟರ್ ಡೆವಲಪ್‌ಮೆಂಟ್ ಬೋರ್ಡ್. ಅದು ಕೊಡುವ ಸಾಲದ ಬಗ್ಗೆ ಕಾನೂನು ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ, ಯೋಜನೆ ಒಳ್ಳೆಯದಾ, ಊರಿಗೆ ನೀರು ಬೇಕಾ ಅಂತ ಬರೆಯಲು ಶುರು ಮಾಡಿಬಿಡುತ್ತೇವೆ. ನಾನೂ ಮೊದಲು ಹಾಗೇ ಬರೆಯುತ್ತಿದ್ದೆ. ಆದರೆ ಅದು ಎರಡನೇ ಪ್ರಶ್ನೆ. ಈ ಸಾಲ ಮಂಜೂರು ಮಾಡುವ ಅಧಿಕಾರ ಮಂಡಳಿಗೆ ಯಾವ ಸೆಕ್ಷನ್‌ನಲ್ಲಿ ಸಿಕ್ಕಿದೆ ಅನ್ನೋದು ಮೊದಲನೆಯದು. ಮಂಡಳಿ ಕಾನೂನಿನಿಂದ ಹುಟ್ಟಿದ್ದು. ಕಾನೂನು ಕೊಟ್ಟಷ್ಟೇ ಅಧಿಕಾರ ಅದಕ್ಕಿರುವುದು.

ಓದಲು ಶುರು ಮಾಡಬೇಕಾದದ್ದು ಆ ರಾಜ್ಯದ ಸಂವಿಧಾನದಿಂದ. 3ನೇ ವಿಧಿಯ 49ನೇ ಸೆಕ್ಷನ್ ಪ್ರಕಾರ, ಕೆಲವೇ ಅಪವಾದ ಬಿಟ್ಟರೆ ರಾಜ್ಯ ಸಾಲ ಮಾಡುವ ಹಾಗಿಲ್ಲ. ಮಂಡಳಿ ಊರುಗಳಿಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ರಾಜ್ಯದ ಬಾಂಡ್‌ಗಳಿಂದ ಬರುತ್ತದೆ. ಬಾಂಡ್ ಅಂದರೆ ಸಾಲವೇ ಅಲ್ವಾ? ಹಾಗಾಗಿ ಸಂವಿಧಾನವನ್ನೇ ತಿದ್ದಬೇಕು, ತಿದ್ದುಪಡಿಗೆ ಜನ ಮತ ಹಾಕಬೇಕು. 1950ರ ದಶಕದ ಭೀಕರ ಬರದ ನಂತರ, 1957ರಲ್ಲಿ ಜನ 49-ಸಿ ಸೆಕ್ಷನ್‌ಗೆ ಒಪ್ಪಿದರು. ಮಂಡಳಿ ಹುಟ್ಟಿದ್ದು ಹೀಗೆ. 1969ರಲ್ಲಿ 350 ಕೋಟಿ ಡಾಲರ್ ಬಾಂಡ್‌ಗಳ ಪ್ರಸ್ತಾವ ಬಂತು, ಅದನ್ನು ಜನ ತಿರಸ್ಕರಿಸಿದರು. ನೀರು ಎಷ್ಟೇ ತುರ್ತಾಗಿ ಬೇಕಿದ್ದರೂ ಆ ಬಾಂಡ್‌ಗಳನ್ನು ಮಂಡಳಿ ಸ್ವಂತ ತೀರ್ಮಾನದಿಂದ ಹೊರಡಿಸುವ ಹಾಗಿರಲಿಲ್ಲ.

ಮಂಡಳಿಯ ಬಾಂಡ್‌ಗಳ ಕುರಿತ 2011ರ ಸಂವಿಧಾನ ತಿದ್ದುಪಡಿಯನ್ನು ನಿಧಾನವಾಗಿ ಓದಿ. ಅದರ ಮಿತಿ 600 ಕೋಟಿ ಡಾಲರ್. ಆದರೆ ಇದು ಒಟ್ಟು ಹೊರಡಿಸಬಹುದಾದ ಬಾಂಡ್‌ಗಳ ಮೊತ್ತವಲ್ಲ, ಯಾವುದೇ ಹೊತ್ತಿನಲ್ಲಿ ಬಾಕಿ ಇರಬಹುದಾದ ಮೊತ್ತ. ಲೆಕ್ಕ ಹಾಕಿ ನೋಡೋಣ. ಮಂಡಳಿ 400 ಕೋಟಿಯ ಬಾಂಡ್ ಹೊರಡಿಸಿ ಅದರಲ್ಲಿ 100 ಕೋಟಿ ತೀರಿಸಿದೆ ಅಂತಿಟ್ಟುಕೊಳ್ಳಿ. ಬಾಕಿ 300 ಕೋಟಿ. ಅಂದರೆ ಇನ್ನೂ 300 ಕೋಟಿಗೆ ಜಾಗ ಇದೆ. ಮಿತಿ ಒಟ್ಟು ಮೊತ್ತಕ್ಕಿದ್ದಿದ್ದರೆ 200 ಕೋಟಿಗೆ ಮಾತ್ರ ಇರುತ್ತಿತ್ತು. ಒಂದು ಪದದಿಂದ 100 ಕೋಟಿ ಡಾಲರ್ ವ್ಯತ್ಯಾಸ! ಪರೀಕ್ಷೆಯಲ್ಲಿ ತುಂಬಾ ಜನ ತಪ್ಪುವುದು ಇಲ್ಲೇ.

ಸಂವಿಧಾನದ ಕೆಳಗೆ ಬರುವುದು ವಾಟರ್ ಕೋಡ್, ಅಂದರೆ ನೀರಿನ ಕುರಿತ ರಾಜ್ಯದ ಕಾನೂನು ಸಂಹಿತೆ. ನೀರು ಪೂರೈಕೆ ಯೋಜನೆಗೆ ಹಣ ಕೊಡಬೇಕಾದರೆ ಅದು ರಾಜ್ಯದ ಜಲ ಯೋಜನೆಗೆ ಹೊಂದಿಕೊಂಡಿರಬೇಕು ಅನ್ನುತ್ತದೆ 16.053ನೇ ಸೆಕ್ಷನ್. ಪರಿಸ್ಥಿತಿ ನೋಡಿ ಮಂಡಳಿ ಇದಕ್ಕೆ ವಿನಾಯಿತಿ ಕೊಡಬಹುದು. ಆದರೆ ಆ ವಿನಾಯಿತಿಯ ಅಧಿಕಾರವೂ ಅದೇ ಸೆಕ್ಷನ್‌ನಲ್ಲೇ ಇದೆ. ಸುಮ್ನೆ ಮಂಡಳಿಯ ಔದಾರ್ಯ ಅಂದುಕೊಳ್ಳಬೇಡಿ. ಇದೇ ಕೋಡ್‌ನ 17ನೇ ಅಧ್ಯಾಯದ ಸಾಲಗಳಿಗೆ ಮಂಡಳಿ ಎರಡು ವಿಷಯ ತೀರ್ಮಾನಿಸಬೇಕು: ಇದರಿಂದ ಸಾರ್ವಜನಿಕ ಹಿತ ಆಗುತ್ತದೆ, ಒತ್ತೆ ಇಟ್ಟ ಆದಾಯ ಅಥವಾ ತೆರಿಗೆಯಿಂದ ಸಾಲ ತೀರುತ್ತದೆ. ಹಿತ ಇದ್ದು ಆದಾಯ ಸಾಕಾಗದಿದ್ದರೆ ಮಂಜೂರಾತಿ ಸಿಂಧುವಾಗುವುದಿಲ್ಲ. ಸಾಲ 5 ಲಕ್ಷ ಡಾಲರ್ ದಾಟಿದರೆ ಸಾಮಾನ್ಯವಾಗಿ ನೀರು ಉಳಿತಾಯದ ಯೋಜನೆಯೂ ಬೇಕು. 2013ರಲ್ಲಿ 200 ಕೋಟಿ ಡಾಲರ್ ಹಾಕಿ ಶುರು ಮಾಡಿದ ಸ್ವಿಫ್ಟ್ ನಿಧಿಗೆ (ರಾಜ್ಯದ ಜಲ ಯೋಜನೆಯ ಕೆಲಸಗಳಿಗಾಗಿ ಇರುವ ನಿಧಿ) ಅದರದ್ದೇ ಷರತ್ತುಗಳಿವೆ, ಅವನ್ನು ಇದರ ಜೊತೆ ಬೆರೆಸಬೇಡಿ.

ಇನ್ನೊಂದು ಮಾತು. ಇಲ್ಲಿ ಸಾಲ ಅಂದರೆ ಸಾಮಾನ್ಯವಾಗಿ ಊರು ಹೊರಡಿಸಿದ ಬಾಂಡ್‌ಗಳನ್ನು ಮಂಡಳಿ ಕೊಳ್ಳುವುದು. ಹಾಗಾಗಿ ಅಧಿಕಾರವನ್ನು ಎರಡೂ ಕಡೆ ಹುಡುಕಬೇಕು. ಮಂಡಳಿಗೆ ಕೊಡುವ ಅಧಿಕಾರ ಇದ್ದು, ಊರಿಗೆ ಅಥವಾ ಜಲ ಜಿಲ್ಲೆಗೆ (ನೀರಿನ ವ್ಯವಸ್ಥೆ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ) ತನ್ನ ಆದಾಯವನ್ನು ಒತ್ತೆ ಇಡುವ ಅಧಿಕಾರ ಇಲ್ಲದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಊರಿನ ಆ ಬಾಂಡ್‌ಗಳ ಕಾಗದಪತ್ರ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ವಕೀಲರು) ಮುಂದೆ ಹೋಗುತ್ತವೆ. ಅವರು ಒಪ್ಪಿ, ರಾಜ್ಯದ ಹಣಕಾಸು ಅಧಿಕಾರಿಯಾದ ಕಂಪ್ಟ್ರೋಲರ್ ನೋಂದಣಿ ಮಾಡಿ, ಬಾಂಡ್ ಹೊರಬಿದ್ದ ಮೇಲೆ ಅದು ಸಿಂಧುವೇ ಅಂತ ಕೇಳಲು ಸಾಮಾನ್ಯವಾಗಿ ದಾರಿ ಇರುವುದಿಲ್ಲ. ತಕರಾರು ಇರುವವರು ಅದಕ್ಕೆ ಮೊದಲೇ ಎತ್ತಬೇಕು.