ಕನ್ನಡಕ ಕೃತಕ ಅಂಗವಾದ ಕಥೆ

ಬಲಗಣ್ಣಿಗೆ ಮೈನಸ್ 2, ಎಡಗಣ್ಣಿಗೆ ಮೈನಸ್ 5, ಎರಡಕ್ಕೂ ಸಿಲಿಂಡರ್, ಅಂದರೆ ಅಸಮದೃಷ್ಟಿ ಸರಿಪಡಿಸುವ ಪವರ್, 0.75. ಅಮೆರಿಕದಲ್ಲಿ ಇಂಥ ಕನ್ನಡಕದ ಬಿಲ್ಲು ವಿಮೆಗೆ ಹೋಗುವಾಗ ಬಲಗಾಜು ವಿ2103 ಎಂಬ ಕೋಡು ಆಗುತ್ತದೆ, ಎಡಗಾಜು ವಿ2107. ಒಂದೇ ಮೂಗಿನ ಮೇಲೆ ಕೂರುವ ಗಾಜುಗಳಿಗೆ ಬೇರೆ ಬೇರೆ ಸಂಖ್ಯೆ, ಯಾಕೆಂದರೆ ಲೆಕ್ಕ ಜೋಡಿಗಲ್ಲ, ಗಾಜಿಗೆ. ಪವರ್ 4 ದಾಟಿದರೆ ಕೋಡೂ ಬದಲು. ಫ್ರೇಮಿಗೆ ಮತ್ತೊಂದು, ವಿ2020. ಒಂದೇ ಗಾಜಿನಲ್ಲಿ ಎರಡು ಪವರಿರುವ ಬೈಫೋಕಲ್ ಆದರೆ 2200ರ ಸಾಲು, ಮೂರಿರುವ ಟ್ರೈಫೋಕಲ್ ಆದರೆ 2300ರದು.

ವೈದ್ಯರ ಕೆಲಸಕ್ಕೆ ಅಮೆರಿಕದ ವೈದ್ಯರ ಸಂಘ 1966ರಲ್ಲೇ ಸಿಪಿಟಿ ಎಂಬ ಕೋಡುಪಟ್ಟಿ ತಂದಿತ್ತು. ಗಾಲಿಕುರ್ಚಿ, ಕನ್ನಡಕದಂಥ ಸಾಮಾನುಗಳಿಗೆ ಅದು ಸಾಲಲಿಲ್ಲ. 1978ರಲ್ಲಿ ಶುರುವಾದ ಎಚ್‌ಸಿಪಿಸಿಎಸ್ ವ್ಯವಸ್ಥೆಯಲ್ಲಿ ಇವಕ್ಕೂ ಜಾಗ ಸಿಕ್ಕಿತು. ಕೋಡಿಂಗ್ ಮಂದಿಯ ಬಾಯಲ್ಲಿ ಅದು ‘ಹಿಕ್‌ಪಿಕ್ಸ್’. ಆರೋಗ್ಯ ವಿಮೆ ಕುರಿತ 1996ರ ಹಿಪಾ ಕಾಯ್ದೆಯ ನಂತರ ಅದನ್ನು ಬಳಸುವುದು ಕಡ್ಡಾಯವಾಯಿತು.

ಆದರೆ ಸಂಖ್ಯೆ ಸರಿ ಹಾಕಿದರೆ ದುಡ್ಡು ಬಂತೆಂದಲ್ಲ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ 1965ರ ಕಾಯ್ದೆ ಕನ್ನಡಕವನ್ನು ನೇರವಾಗಿ ಹೊರಗಿಟ್ಟಿದೆ. ಅದೇ ಕಾಯ್ದೆ, ದೇಹದೊಳಗಿನ ಅಂಗದ ಬದಲಿಗೆ ಬರುವ ಸಾಧನಕ್ಕೆ ಹಣ ಕೊಡುತ್ತದೆ. ಪೊರೆ ಬಂದ ಕಣ್ಣಿನ ಮಸೂರ ತೆಗೆದುಹಾಕಿದ ಮೇಲೆ ಅದರ ಕೆಲಸ ಮಾಡುವುದು ದಪ್ಪ ಗಾಜು ತಾನೇ? ಹಾಗಾಗಿ ಕನ್ನಡಕ ಕೃತಕ ಕಾಲಿನ ಪಂಕ್ತಿಯಲ್ಲಿ ಕೂತಿತು! ಮುಂಬಾಗಿಲು ಮುಚ್ಚಿದ ಮನೆಗೆ ಹಿತ್ತಿಲಿಂದ ಹೊಕ್ಕಂತೆ.

ಆಮೇಲೆ ತೊಡಕಾಯಿತು. ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲು ಕಣ್ಣೊಳಗೆ ಕೂರಿಸಿದ ಕೃತಕ ಮಸೂರ, 80ರ ದಶಕದ ಹೊತ್ತಿಗೆ ಅಮೆರಿಕದಲ್ಲೂ ಮಾಮೂಲಾಯಿತು. ಅಂಗದ ಬದಲಿ ಒಳಗೇ ಇದೆಯೆಂದರೆ ಹೊರಗಿನ ಗಾಜಿಗೆ ಯಾವ ನೆಪ? 1990ರಲ್ಲಿ ಸಂಸತ್ತು ಕಾಯ್ದೆಯಲ್ಲೇ ಬರೆಯಿತು: ಮಸೂರ ಕೂರಿಸಿದ ಪ್ರತಿ ಪೊರೆ ಶಸ್ತ್ರಚಿಕಿತ್ಸೆಯ ನಂತರ ಒಂದು ಜೊತೆ ಸಾಧಾರಣ ಕನ್ನಡಕ. ಅದಕ್ಕೇ ಇಂದಿಗೂ ಕ್ಲೇಮಿನಲ್ಲಿ ಗಾಜಿನ ಕೋಡಿನ ಜೊತೆ ಝಡ್96.1 ಇರಬೇಕು, ಅಂದರೆ ಕಣ್ಣೊಳಗೆ ಕೃತಕ ಮಸೂರವಿದೆ ಎಂಬ ಗುರುತು.

‘ಸಾಧಾರಣ’ ಎಂಬ ಆ ಒಂದು ಪದವೇ ಈಗಲೂ ಬಿಲ್ಲಿನ ಸಾಲು ಹೆಚ್ಚಿಸುವುದು. ನಡುಗೆರೆಯಿಲ್ಲದೆ ಪವರ್ ಮೆಲ್ಲಗೆ ಬದಲಾಗುವ ಪ್ರೊಗ್ರೆಸಿವ್ ಗಾಜು ಬೇಕೆಂದರೆ ಮೊದಲ ಸಾಲಲ್ಲಿ ಮಾಮೂಲಿ ಬೈಫೋಕಲ್ಲಿನ ಕೋಡು, ಎರಡನೆಯದರಲ್ಲಿ ವಿ2781 ಹಾಕಿ ಹೆಚ್ಚುವರಿ ಬೆಲೆ. ಎರಡನೆಯದು ರೋಗಿಯ ಕೈಯಿಂದಲೇ. ಅಂದದ ಫ್ರೇಮಿಗೂ, ವಿ2025, ಇದೇ ನ್ಯಾಯ. ಎರಡು ಕಣ್ಣಿಗೆ ಬೇರೆ ಬೇರೆ ಸಲ ಶಸ್ತ್ರಚಿಕಿತ್ಸೆಯಾಗಿ, ನಡುವೆ ಕನ್ನಡಕ ಮಾಡಿಸದಿದ್ದರೆ ಸಿಗುವುದು ಒಂದೇ ಜೊತೆ. ಅದು ಕೆಳಗೆ ಬಿದ್ದು ಒಡೆದರೆ ಇನ್ನೊಂದಕ್ಕೆ ಮೆಡಿಕೇರ್ ಕಾಸು ಬಿಚ್ಚುವುದಿಲ್ಲ.