ರೈಲು ಹಳಿ ಸರಿಸುವವರು ಹಾಡುತ್ತಿದ್ದುದು ಏಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಹಿಂದೆ ರೈಲು ಹಳಿಗಳನ್ನು ದುರಸ್ತಿ ಮಾಡುತ್ತಿದ್ದ ಕಾರ್ಮಿಕರು ಕೆಲಸದುದ್ದಕ್ಕೂ ಹಾಡುತ್ತಿದ್ದರಂತೆ. ಅದು ದಣಿವು ಮರೆಯಲಿಕ್ಕೆ ಮಾತ್ರವೇ, ಅಥವಾ ಬೇರೆ ಕಾರಣವೂ ಇತ್ತೇ?

ಉತ್ತರ: ಹಾಡು ದಣಿವನ್ನು ಮರೆಸುತ್ತಿತ್ತು, ನಿಜ. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳ ಹಳಿ ಗ್ಯಾಂಗುಗಳಲ್ಲಿ ಅದು ಹಾರೆ, ಸುತ್ತಿಗೆಗಳಂತೆ ಕೆಲಸಕ್ಕೆ ಬೇಕಾದ ಒಂದು ಸಲಕರಣೆಯೇ ಆಗಿತ್ತು. ಏಕೆಂದು ತಿಳಿಯಬೇಕಾದರೆ ಮೊದಲು ಹಳಿಯ ಸ್ವಭಾವವನ್ನು ತಿಳಿಯಬೇಕು.

ಹಾಸಿದ ಹಳಿ ಹಾಸಿದಲ್ಲೇ ಇರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದನ್ನು ನೆಲಕ್ಕೆ ಬಿಗಿದಿರುವುದೇ ಇಲ್ಲ. ಅಡ್ಡಲಾಗಿ ಹಾಸಿದ ಮರದ ದಿಮ್ಮಿಗಳಿಗೆ, ಅಂದರೆ ಸ್ಲೀಪರುಗಳಿಗೆ, ಮೊಳೆ ಹೊಡೆದು ಕೂರಿಸಿದ ಜೋಡಿ ಹಳಿಗಳು ಜಲ್ಲಿಯ ಹಾಸಿನ ಮೇಲೆ ತಮ್ಮ ಭಾರದಿಂದಲೂ ಜಲ್ಲಿಯ ಹಿಡಿತದಿಂದಲೂ ನಿಂತಿರುತ್ತವೆ. ತಿರುವಿನಲ್ಲಿ ಓಡುವ ರೈಲು ಅವನ್ನು ಹೊರಗೆ ಒತ್ತುತ್ತದೆ, ಬೇಸಿಗೆಯಲ್ಲಿ ಉಕ್ಕು ಹಿಗ್ಗಿ ಪಕ್ಕಕ್ಕೆ ಬಾಗುತ್ತದೆ, ಚಳಿ ಪ್ರದೇಶಗಳಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಹಳಿಯನ್ನೇ ಮೇಲೆತ್ತುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಅಲ್ಲಿ ಹಳಿಗಳು ಸಾಮಾನ್ಯವಾಗಿ 39 ಅಡಿ ಉದ್ದದ ತುಂಡುಗಳಾಗಿ ಬರುತ್ತಿದ್ದವು (40 ಅಡಿಯ ಗೂಡ್ಸ್ ವ್ಯಾಗನ್ನಿನಲ್ಲಿ ಹಿಡಿಸಬೇಕಿತ್ತಲ್ಲ!). ಹಾಗಾಗಿ 39 ಅಡಿಗೊಂದು, ಹಳಿಯ ತುದಿಗಳನ್ನು ಸೇರಿಸುವ ಉಕ್ಕಿನ ಪಟ್ಟಿಯಾದ ಫಿಶ್‌ಪ್ಲೇಟಿನ ಜೋಡಣೆ, ಆ ಜೋಡಣೆಯ ಮೇಲೆ ಹಾದುಹೋಗುವ ಪ್ರತಿಯೊಂದು ಗಾಲಿಯ ಏಟು, ಆ ಏಟಿಗೆ ಅಡಿಯ ಜಲ್ಲಿ ಸವೆದು ಅಷ್ಟು ಜಾಗ ಕುಸಿಯುವುದು. ಪ್ರಯಾಣಿಕರನ್ನು ಜೋಗುಳದಂತೆ ಮಲಗಿಸುತ್ತಿದ್ದ ಆ ‘ಟಕ್ ಟಕ್’ ಸದ್ದು, ಗ್ಯಾಂಗಿನವರ ಕಿವಿಗೆ ಮುಂದೆ ಬೀಳಲಿರುವ ಕೆಲಸದ ಸದ್ದಾಗಿತ್ತು.

ಮಾರ್ಗವನ್ನು ಕೆಲವು ಮೈಲಿಗಳ ಭಾಗಗಳಾಗಿ ಹಂಚಿ, ಒಂದೊಂದು ಭಾಗವನ್ನು ಒಬ್ಬ ಮೇಸ್ತ್ರಿಗೂ ಅವನ ಕೈಕೆಳಗಿನ ಗ್ಯಾಂಗಿಗೂ ಒಪ್ಪಿಸಲಾಗುತ್ತಿತ್ತು. ಕೊಳೆತ ಸ್ಲೀಪರು ಬದಲಿಸುವುದು, ಬೋಲ್ಟು ಬಿಗಿಯುವುದು, ಕಳೆ ಕೀಳುವುದು, ಸ್ಲೀಪರಿನ ಅಡಿಗೆ ಜಲ್ಲಿ ಗಿಡಿಯುವುದು ಎಲ್ಲವೂ ಅವರದೇ. ಇವುಗಳಲ್ಲಿ ಹಾಡಿನ ನೆರವು ಅತಿಯಾಗಿ ಬೇಕಾಗುತ್ತಿದ್ದುದು ವಾಲಿದ ಹಳಿಯನ್ನು ಮತ್ತೆ ಸಾಲಿಗೆ ತರುವ ಕೆಲಸಕ್ಕೆ.

ಲೆಕ್ಕ ಹಾಕಿ ನೋಡಿ: ಗಜಕ್ಕೆ 100 ಪೌಂಡ್ ತೂಗುವ ಹಳಿಯ 39 ಅಡಿ ತುಂಡು ಒಂದೇ ಸುಮಾರು 590 ಕಿಲೋ ಆಗುತ್ತದೆ. ಅಂಥವು ಎರಡು, ಅವಕ್ಕೆ ಅಂಟಿದ ಇಪ್ಪತ್ತಕ್ಕೂ ಹೆಚ್ಚು ಸ್ಲೀಪರುಗಳು, ಸ್ಲೀಪರುಗಳನ್ನು ಕಚ್ಚಿ ಹಿಡಿದ ಜಲ್ಲಿ. ಹತ್ತು ಹನ್ನೆರಡು ಮಂದಿ ತಮಗೆ ತೋಚಿದಾಗ ತೋಚಿದಂತೆ ಎಳೆದರೆ ಇದು ಕೂದಲೆಳೆಯಷ್ಟೂ ಕದಲದು. ಎಲ್ಲರ ಬಲವೂ ಒಂದೇ ಕ್ಷಣದಲ್ಲಿ ಬಿದ್ದರೆ ಮಾತ್ರ ಕದಲುತ್ತದೆ. ಒಬ್ಬನು ಅರೆಕ್ಷಣ ಮುಂಚೆ ಎಳೆದನೆಂದರೆ ಆ ಭಾರವೆಲ್ಲ ಅವನೊಬ್ಬನ ಬೆನ್ನಿಗೆ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮೇಸ್ತ್ರಿ ಹಳಿಯುದ್ದಕ್ಕೆ ಒಂದಷ್ಟು ದೂರ ಹೋಗಿ, ಮಂಡಿಯೂರಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು ಡೊಂಕು ಎಲ್ಲಿದೆಯೆಂದು ನೋಡಿ ಕೈಸನ್ನೆ ಮಾಡುತ್ತಾನೆ. ಗ್ಯಾಂಗಿನವರು ಹಳಿಯ ಅಡಿಗೆ, ಜಲ್ಲಿಯೊಳಕ್ಕೆ ಹಾರೆ ಊರಿ ನಿಲ್ಲುತ್ತಾರೆ. ಆಗ ಹಾಡುಗಾರ ಸೊಲ್ಲೆತ್ತುತ್ತಾನೆ. ಸೊಲ್ಲು ಸಾಗುತ್ತಿರುವಷ್ಟು ಹೊತ್ತು ಯಾರೂ ಎಳೆಯುವುದಿಲ್ಲ. ಮೈಯನ್ನು ಲಯಕ್ಕೆ ತೂಗುತ್ತ ಹಾರೆಯನ್ನು ಹಳಿಗೆ ತಾಗಿಸಿ ‘ಠಣ್ ಠಣ್’ ಎಂದು ತಾಳ ಹಿಡಿಯುತ್ತಾರೆ. ಪಲ್ಲವಿಯ ಕೊನೆಯ ಪೆಟ್ಟಿಗೆ ಹಾರೆಗಳೆಲ್ಲ ಒಟ್ಟಿಗೆ ಮೀಟುತ್ತವೆ, ಹಳಿ ಒಂದಿಷ್ಟು ಸರಿಯುತ್ತದೆ. ಮೇಸ್ತ್ರಿ ಮತ್ತೆ ಸನ್ನೆ ಮಾಡುತ್ತಾನೆ, ಮತ್ತೊಂದು ಸೊಲ್ಲು ಏಳುತ್ತದೆ. ದೂರದಿಂದ ನೋಡಿದವರಿಗೆ ಇದು ಕುಣಿತದಂತೆಯೇ ಕಂಡಿರಬೇಕು. ಇವರಿಗೆ ಅಲ್ಲಿನ ಆಡುಮಾತಿನಲ್ಲಿ ‘ಗ್ಯಾಂಡಿ ಡ್ಯಾನ್ಸರ್’ ಎಂಬ ಹೆಸರು ಬಿದ್ದಿತ್ತು.

ಹಾಡುಗಾರನ ಪದಗಳು ಬೈಬಲ್ಲಿನ ಕಥೆಯಿಂದ ಹಿಡಿದು ಪೋಲಿ ಮಾತಿನವರೆಗೆ ಎಲ್ಲಿಗೆ ಬೇಕಾದರೂ ಹರಿಯುತ್ತಿದ್ದವು. ಯಾರ ಮುಂದೆ ಯಾವ ಪದ ಹಾಡಬೇಕೆಂಬುದನ್ನು ಅವನು ಚೆನ್ನಾಗಿ ಬಲ್ಲ. ಬಾಯಿಬಿಟ್ಟು ಹೇಳಲಾಗದ ದೂರನ್ನು ಸೊಲ್ಲಿನಲ್ಲಿ ಸುತ್ತಿ ಮೇಸ್ತ್ರಿಯ ಎದುರೇ ಹೇಳಿಬಿಡುವ ಜಾಣತನವೂ ಇತ್ತು. ನನ್ನ ಮಟ್ಟಿಗೆ ಈ ಹಾಡುಗಾರಿಕೆಯ ಅತ್ಯಂತ ಸೊಗಸಾದ ಮುಖ ಇದೇ. ಆ ದಿನಗಳಲ್ಲಿ ದಕ್ಷಿಣದ ಗ್ಯಾಂಗುಗಳಲ್ಲಿ ದುಡಿಯುವವರು ಹೆಚ್ಚಾಗಿ ಕಪ್ಪು ಜನರು, ಮೇಸ್ತ್ರಿ ಸಾಮಾನ್ಯವಾಗಿ ಬಿಳಿಯ. ಎಷ್ಟು ಅನುಭವವಿದ್ದರೂ ಕಪ್ಪು ಕಾರ್ಮಿಕನಿಗೆ ಮೇಸ್ತ್ರಿಯ ಹುದ್ದೆ ದಕ್ಕುತ್ತಿದ್ದುದು ಅಪರೂಪ.

ದೇಶದ ಬೇರೆ ಭಾಗಗಳಲ್ಲಿ ಇದೇ ದುಡಿಮೆಯನ್ನು ಐರಿಷ್, ಚೀನೀ, ಜಪಾನಿ, ಮೆಕ್ಸಿಕನ್ ವಲಸಿಗರೂ ನವಾಹೊ ಮೂಲನಿವಾಸಿಗಳೂ ಮಾಡಿದರು. ಎರಡನೆಯ ಮಹಾಯುದ್ಧ ಕಾಲದಲ್ಲಿ, 1943ರಿಂದ 1945ರ ನಡುವೆ, ಒಂದು ಲಕ್ಷಕ್ಕೂ ಹೆಚ್ಚು ಮೆಕ್ಸಿಕನ್ನರನ್ನು ಕರಾರಿನ ಮೇಲೆ ಕರೆತಂದು ಈ ಕೆಲಸಕ್ಕೆ ಹಚ್ಚಲಾಯಿತು.

ಯುದ್ಧದ ನಂತರ ಹಳಿಯನ್ನು ಎತ್ತುವ, ಸಾಲಿಗೆ ತರುವ, ಜಲ್ಲಿ ಗಿಡಿಯುವ ಯಂತ್ರಗಳು ಒಂದೊಂದಾಗಿ ಬಂದವು. ಬೆಸುಗೆ ಹಾಕಿದ ಉದ್ದನೆಯ ಹಳಿಗಳು ಬಂದು 39 ಅಡಿಗೊಂದು ಜೋಡಣೆಯೂ ಹೋಯಿತು. ಯಂತ್ರಕ್ಕೆ ಸೊಲ್ಲು ಬೇಕಿರಲಿಲ್ಲವಾದ್ದರಿಂದ ಹಾಡುಗಾರನಿಗೆ ಕೆಲಸವಿಲ್ಲದಾಯಿತು. ಅಲಬಾಮದ ಇಬ್ಬರು ಹಳೆಯ ಹಳಿ ಕೆಲಸಗಾರರಾದ ಜಾನ್ ಮೀಲಿಂಗ್ ಮತ್ತು ಕಾರ್ನೀಲಿಯಸ್ ರೈಟ್ ಅವರಿಗೆ 1996ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವ ಸಂದಿತು. ಜನಪದ ಮತ್ತು ಪಾರಂಪರಿಕ ಕಲಾವಿದರಿಗೆಂದೇ ಇರುವ ಆ ಗೌರವವನ್ನು ಅವರಿಗೆ ತಂದುಕೊಟ್ಟದ್ದು ಹಳಿಯ ಮೇಲೆ ಹಾಡಿದ ಈ ಪದಗಳೇ.