ಕಾಡಿಗೆ ಬೆಂಕಿ ಹಚ್ಚುತ್ತಿದ್ದವರ ಮಾತು ಕೇಳಿ

2024ರ ಆರಂಭದಲ್ಲಿ ಲಾಲ್‌ಬಾಗ್‌ನಲ್ಲಿ ದೊಡ್ಡ ದೊಡ್ಡ ಆನೆಗಳನ್ನು ನಿಲ್ಲಿಸಿದ್ದು ನೆನಪಿದೆಯಾ? ಅವೆಲ್ಲ ಲಂಟಾನ ಕಡ್ಡಿಯವು, ಮಾಡಿದವರು ಕಾಡಿನ ಜನ. ಬೆಂಗಳೂರಿನವರು ಹೋಗಿ ಫೋಟೊ ತೆಗೆಸಿಕೊಂಡು ಬಂದೆವು. ಅಷ್ಟೊಂದು ಲಂಟಾನ ಕಾಡೊಳಗೆ ಬೆಳೆದದ್ದು ಹೇಗೆ ಅನ್ನೋ ಪ್ರಶ್ನೆಗೆ ಉತ್ತರ ಇರುವುದೂ ಕಾಡಿನವರ ಹತ್ತಿರವೇ.

ಲಂಟಾನ ಅಮೆರಿಕ ಖಂಡದ ಗಿಡ. ಹೂವು ಚೆನ್ನಾಗಿದೆ ಅಂತ ಬ್ರಿಟಿಷರು ತಂದರು. ನಮ್ಮ ತುರಹಳ್ಳಿ ಕಾಡಿನಲ್ಲೂ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ವಿಜ್ಞಾನಿಗಳು ಅಲ್ಲಲ್ಲಿ ಜಾಗ ಗುರುತು ಮಾಡಿ ನೋಡಿದಾಗ, 1997ರಲ್ಲಿ ನೂರಕ್ಕೆ 41 ಕಡೆ ಲಂಟಾನ ಇತ್ತು, 2008ರಲ್ಲಿ 81 ಕಡೆ.

ಆ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಇದಕ್ಕೆ ಕೊಡುವ ಕಾರಣ ನೇರವಾಗಿದೆ: ತರಗು ಬೆಂಕಿ ನಿಂತುಹೋಯಿತು. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗ, ಒಣಗಿದ ಎಲೆ ಮತ್ತು ಹುಲ್ಲಿಗೆ ಅವರು ಸಣ್ಣ ಬೆಂಕಿ ಕೊಡುತ್ತಿದ್ದರು, ಅದು ನೆಲಕ್ಕಂಟಿಕೊಂಡೇ ಬೇಗ ಸರಿದುಹೋಗುತ್ತಿತ್ತು, ದೊಡ್ಡ ಮರಗಳಿಗೆ ಏನೂ ಆಗುತ್ತಿರಲಿಲ್ಲ, ಆದರೆ ಲಂಟಾನದ ಎಳೆ ಸಸಿ ಸಾಯುತ್ತಿತ್ತು, ಪ್ರಾಣಿಗಳ ರಕ್ತ ಹೀರುವ ಉಣ್ಣಿ ಹುಳ ಸಾಯುತ್ತಿತ್ತು. ಮಳೆ ಬಿದ್ದರೆ ಜಿಂಕೆಗೆ, ಕಾಟಿಗೆ ಹೊಸ ಹುಲ್ಲು. 1972ರ ವನ್ಯಜೀವಿ ಕಾಯ್ದೆ, 1974ರಲ್ಲಿ ಅಭಯಾರಣ್ಯ, ಅಲ್ಲಿಗೆ ಬೆಂಕಿ ಹಚ್ಚುವುದು ಅಪರಾಧವಾಯಿತು. ತರಗು ಕೂಡುತ್ತಾ ಹೋಯಿತು, ಲಂಟಾನ ಪೊದೆ ಕಟ್ಟಿತು. ಈಗ ಬೆಂಕಿ ಬಿದ್ದರೆ ಆ ಪೊದೆಯನ್ನೇ ಏಣಿ ಮಾಡಿಕೊಂಡು ಮರದ ತಲೆಗೆ ಹತ್ತುತ್ತದೆ.

ನೆಲ್ಲಿ ಮರಕ್ಕೆ ಬಂದಳಿಕೆ ಜಾಸ್ತಿಯಾಗಿದ್ದೂ ಬೆಂಕಿ ನಿಂತ ಮೇಲೇ ಅಂತ ಸೋಲಿಗರು ಹೇಳುತ್ತಾರೆ. ಕೊಂಬೆ ಮೇಲೆ ಬೇರೂರಿ ಮರದ ರಸ ಹೀರುವ ಗಿಡ ಅದು. ವರ್ಷ ವರ್ಷ ಅದೇ ಮರ ಹತ್ತಿ ಕಾಯಿ ಕೊಯ್ಯುವವರ ಲೆಕ್ಕ ಇದು, ಸುಮ್ನೆ ನಂಬಿಕೆ ಅಂತ ತಳ್ಳಿಹಾಕೋಕೆ ಆಗಲ್ಲ. ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಇದೇ ಬೆಟ್ಟದಲ್ಲಿ ಸಿಕ್ಕ ಹೊಸ ಕಣಜದ ಹುಳಕ್ಕೆ 2022ರಲ್ಲಿ 'ಸೋಲಿಗ ಎಕ್ಯಾರಿನೇಟ' ಅಂತ ಹೆಸರಿಟ್ಟಿದ್ದು ನನಗೆ ತುಂಬ ಖುಷಿ ಕೊಟ್ಟಿತು. ಹೆಸರಿನ ಜೊತೆ ಕಾಡು ನೋಡಿಕೊಳ್ಳುವ ಕೆಲಸದಲ್ಲೂ ಸೋಲಿಗರಿಗೆ ಪಾಲು ಬೇಕು, ಅಲ್ವಾ?

ಹಾಗಂತ ಇವತ್ತೇ ಎಲ್ಲ ಕಡೆ ಬೆಂಕಿ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಲಂಟಾನ ಇಷ್ಟು ದಟ್ಟವಾಗಿರುವಾಗ ಅದು ಅಪಾಯ. ಮೊದಲು ಕಿತ್ತು ತೆಗೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಆ ಬಲದ ಮೇಲೆ ಒಂದು ಚಿಕ್ಕ ಜಾಗದಲ್ಲಿ ಶುರು ಮಾಡಬಹುದು: ಯಾವಾಗ, ಎಲ್ಲಿ ಸುಡಬೇಕು ಅಂತ ಪೋಡಿನ (ಸೋಲಿಗರ ಹಾಡಿಯ) ಹಿರಿಯರು ಹೇಳಲಿ, ಅರಣ್ಯ ಇಲಾಖೆ ಕಾವಲಿಗಿರಲಿ, ವಿಜ್ಞಾನಿಗಳು ಮುಂದಿನ ಮಳೆಗಾಲದಲ್ಲಿ ಅಲ್ಲಿ ಎಷ್ಟು ನೆಲ್ಲಿ ಸಸಿ ಬಂತು, ಎಷ್ಟು ಲಂಟಾನ ಬಂತು ಅಂತ ಎಣಿಸಲಿ.